ಚರ್ಮದ ಬ್ಯಾಗು

ಹದಿನಾರು ವರ್ಷ ಎಡ ಹೆಗಲಲ್ಲೇ ಇತ್ತು.
ಈಗ ಬಲಕ್ಕೆ ಬಂದಿದೆ. ಆದರೂ ಚಿಲ್ಲರೆ ಕೇಳಿದರೆ
ಕೈ ಎಡಕ್ಕೇ ಹೋಗುತ್ತದೆ, ಖಾಲಿ ಸೊಂಟ ತಡವಿ
ಪೆಚ್ಚಾಗಿ ವಾಪಸ್ಸು ಬರುತ್ತದೆ.
"ಏನಮ್ಮಾ, ದುಡ್ಡು ಕಳಕೊಂಡ್ಯಾ?" ಅಂತಾರೆ ಹಿಂದಿನ ಸೀಟಿನ ತಾತ.
ಇಲ್ಲ ತಾತ, ಸಿಗತ್ತೆ, ಇರಿ.

ಚರ್ಮಕ್ಕೂ ಚರ್ಮಕ್ಕೂ ಈಗ ಆಗಿಬರುವುದಿಲ್ಲ, ಅಷ್ಟೆ.

ಇಪ್ಪತ್ತೈದು ಸಲ ಮಲಗಿದ್ದೆ ಆ ಮೆಷಿನ್ನಿನ ಕೆಳಗೆ.
ಶನಿವಾರ ರಜ, ಭಾನುವಾರ ರಜ, ನನಗಿಂತ ಒಳ್ಳೆ ಡ್ಯೂಟಿ ಅದರದ್ದು.
ಎದೆಯ ಮೇಲೆ ನೇರಳೆ ಶಾಯಿಯ ಗೆರೆ ಎಳೆದು ಹುಡುಗ ಹೇಳಿದ್ದ:
ಸ್ನಾನ ಮಾಡುವಾಗ ಉಜ್ಜಬೇಡಿ ಅಮ್ಮ, ಅಳಿಸಿದರೆ ದಾರಿ ತಪ್ಪತ್ತೆ.
ಚೌಕ. ನಾಲ್ಕು ಮೂಲೆ. ಸೈಟಿಗೆ ನೆಡುವ ಕಲ್ಲಿನ ಹಾಗೆ.
ನಲವತ್ತಾರು ವರ್ಷಕ್ಕೆ ಬೆಂಗಳೂರಲ್ಲಿ
ನನ್ನ ಹೆಸರಿಗೆ ಅಳತೆಯಾದ ಜಾಗ ಅದೊಂದೇ.

ಮೂರನೇ ವಾರಕ್ಕೆ ಕೆಂಪಾಯಿತು, ಐದಕ್ಕೆ ಸುಟ್ಟ ಬದನೆಕಾಯಿ ಬಣ್ಣ.
ಕಂಕುಳ ಸಂದಿಯಲ್ಲಿ ಸಿಪ್ಪೆ ಸುಲಿದು ನೀರು ಜಿನುಗಿತು.
ಆಮೇಲೆ ತಾನೇ ಒಣಗಿ ಹೊಸ ಚರ್ಮ ಬಂತು,
ಮಗುವಿನ ಅಂಗಾಲಿನಂಥದ್ದು, ಮುಟ್ಟಲು ನನಗೇ ನಾಚಿಕೆ.
ಮುಗಿಯಿತು ಅಂದುಕೊಂಡೆ. ಡಿಪೋದಲ್ಲಿ ಕೇಸರಿಬಾತು ಹಂಚಿದೆ.

ಏಳು ತಿಂಗಳ ಮೇಲೆ, ಮಡಿವಾಳದ ಸಿಗ್ನಲ್ಲಿನಲ್ಲಿ,
ಅರವತ್ತು ಜನ ನಿಂತಿದ್ದಾರೆ, ಒಂದು ಕೈಯಲ್ಲಿ ಟಿಕೇಟು ಮೆಷಿನ್ನು, ಒಂದು ಕೈಯಲ್ಲಿ ಕಂಬಿ,
ಶುರುವಾಯಿತು ತುರಿಕೆ.
ಗಂಡಸಾಗಿದ್ದರೆ ಎಲ್ಲಿ ಬೇಕಾದರೂ ಕೆರೆದುಕೊಳ್ಳಬಹುದಿತ್ತು,
ನೋಡಿದ್ದೀನಲ್ಲ, ಹದಿನಾರು ವರ್ಷ.
ನಾನು ಬ್ಯಾಗಿನ ಪಟ್ಟಿಯನ್ನು ಅಲ್ಲಿಗೇ ಒತ್ತಿ ಹಿಡಿದು
ಸಿಲ್ಕ್ ಬೋರ್ಡು, ಸಿಲ್ಕ್ ಬೋರ್ಡು ಎಂದು ಕೂಗಿದೆ,
ಪಕ್ಕದ ಬಸ್ಸಿನವರೂ ತಿರುಗಿ ನೋಡುವ ಹಾಗೆ.

ರಾತ್ರಿ ಬಚ್ಚಲಿನ ಬಲ್ಬಿನ ಕೆಳಗೆ ರವಿಕೆ ಬಿಚ್ಚಿದರೆ
ಅದೇ ಚೌಕ. ಅವೇ ನಾಲ್ಕು ಮೂಲೆ.
ಶಾಯಿ ಎಂದೋ ತೊಳೆದುಹೋಗಿತ್ತು. ಈಗ ಒಳಗಿನಿಂದ
ಯಾರೋ ಎಳೆದಿದ್ದಾರೆ ಗೆರೆ, ಕೂದಲೆಳೆಯಷ್ಟೂ ಆಚೀಚೆ ಇಲ್ಲ.
ಒಂಬತ್ತು ದಿನ ಯಾರಿಗೂ ಹೇಳಲಿಲ್ಲ.
ಹಳೇದೇ ವಾಪಸ್ಸು ಬಂದಿದೆ ಎಂದುಕೊಂಡು
ಪಿ.ಎಫ್. ಲೆಕ್ಕ ಹಾಕಿದೆ. ಓಲೆ ತಂಗಿಗೆ.
ಸರ ಯಾರಿಗೆ ಅನ್ನುವುದು ಮಾತ್ರ ಬಗೆಹರಿಯಲಿಲ್ಲ.

ಚರ್ಮದ ಡಾಕ್ಟರು ನಿಖತ್, ನನ್ನ ತಂಗಿಗಿಂತ ಚಿಕ್ಕವಳು,
ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿ, ವಾರ ಕಾಯಿಸಿ,
ಕುರ್ಚಿ ಹತ್ತಿರ ಎಳೆದುಕೊಂಡಳು: ಅದಲ್ಲ ಇದು.
ಉರಿಯೂತ. ಮಧ್ಯೆ ಜ್ವರಕ್ಕೆ ಏನೋ ಮಾತ್ರೆ ನುಂಗಿದ್ರಲ್ಲ,
ಅದು ತಾಕಿ ಚರ್ಮಕ್ಕೆ ಹಳೇದೆಲ್ಲ ನೆನಪಾಗಿದೆ.
ಇರಬಹುದು. ಖಚಿತವಾಗಿ ಹೇಳೋಕಾಗಲ್ಲ.
ಮುಲಾಮು ಬರೆದಳು, ಹತ್ತಿ ಬಟ್ಟೆ ಎಂದಳು,
ಆ ಪಟ್ಟಿ ಮಾತ್ರ ಇನ್ನು ಆ ಕಡೆ ಬೇಡ.

ನೆನಪಂತೆ! ನಾನಿಲ್ಲಿ ಹೆದರಿ ಸಾಯುತ್ತಿದ್ದರೆ
ಇದು ಕೂತು ನೆನಪು ಮಾಡಿಕೊಳ್ಳುತ್ತಿತ್ತು.
ನಗು ಬಂತು. ಸಿಟ್ಟೂ ಬಂತು.
ಹೊರಗೆ ಬೆಂಚಿನ ಮೇಲೆ ಅಳು ಬಂದಾಗ
ಒರೆಸಿಕೊಳ್ಳಲು ಸಿಕ್ಕಿದ್ದು ಟೋಕನ್ ಚೀಟಿ.

ಕಿದ್ವಾಯಿ ಸ್ಟಾಪು ದಿನಕ್ಕೆ ಆರು ಸಲ ಬರುತ್ತದೆ.
ಇವತ್ತು ಒಬ್ಬಳು ಇಳಿದಳು, ಕಂಕುಳಲ್ಲಿ ಫೈಲು, ಸೊನ್ನೆ ಟಿಕೇಟು,
ಸೆರಗು ಜಾರಿದ ಕಡೆ, ಕತ್ತಿನ ಬುಡದಲ್ಲಿ
ಅರ್ಧ ಇಂಚು ನೇರಳೆ ಗೆರೆ.
ಒಂದು ಸೀಟಿ ನಿಲ್ಲೋಕೆ, ಎರಡು ಸೀಟಿ ಹೋಗೋಕೆ.
ಅವಳು ಜನ ಸೀಳಿಕೊಂಡು ಗೇಟು ಸೇರುವತನಕ
ಸೀಟಿ ಬಾಯಲ್ಲೇ ಇಟ್ಟುಕೊಂಡು ನಿಂತಿದ್ದೆ.
"ಯಾಕಮ್ಮ, ನಿದ್ದೆ ಬಂತಾ?" ಅಂದರು ಡ್ರೈವರ್ ಬೋರೇಗೌಡರು.
ಇಲ್ಲ ಎನ್ನಲು ಬಾಯಿ ತೆರೆದರೆ ಸೀಟಿ ಬೀಳುತ್ತದೆ.
ತುರಿಕೆ ಬೇರೆ.